ಖಾಲಾ ಕೇಳಿದ ಪಾಠಗಳು

ಅವರ ಬಲಗಿವಿಯ ಅಂಚಿನುದ್ದಕ್ಕೂ ಏಳು ಸಣ್ಣ ಬೆಳ್ಳಿಯ ಬಾಲಿಗಳಿದ್ದವು. ಎಡಗಿವಿಯಲ್ಲಿ ಐದೇ. ಅಲ್ಲಿನ ಎರಡು ತೂತುಗಳು ಯಾವಾಗಲೋ ಹರಿದು ಮತ್ತೆ ಕೂಡಿಕೊಂಡಿದ್ದವು. ಯಾರಾದರೂ ಮಾತು ಆರಂಭಿಸಿದರೆ ಅವರು ಸೆರಗನ್ನು ಬಲಗಿವಿಯ ಹಿಂದಕ್ಕೆ ಸರಿಸಿ ತಲೆಯನ್ನು ತುಸು ವಾಲಿಸುತ್ತಿದ್ದರು. ಆಗ ಏಳೂ ಬಾಲಿಗಳು ಒಂದರ ಮೇಲೊಂದು ಒರಗಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ಸದ್ದು ಮಾಡುತ್ತಿದ್ದವು. ಆ ಸದ್ದಾಯಿತೆಂದರೆ ಖಾಲಾ ಕೇಳಲು ಕುಳಿತರು ಎಂದು ಲೆಕ್ಕ. ಹಾಗೆ ಕೇಳಿಸಿಕೊಳ್ಳುವವರನ್ನು ನಾನು ಆಮೇಲೆ ಯಾವ ಊರಿನಲ್ಲೂ ಕಂಡಿಲ್ಲ.

ಖಾಲಾ ಎಂದರೆ ಅವರ ಮನೆಮಾತು ಉರ್ದುವಿನಲ್ಲಿ ಚಿಗವ್ವ. ನನಗೆ ಅವರು ನೆಂಟರಲ್ಲ. ಸವಣೂರಿನಲ್ಲಿ ಡಿಗ್ರಿ ಓದುವಾಗ ಮೂರು ವರ್ಷ ನಾನಿದ್ದ ಕೋಣೆ ಅವರದು. ನನ್ನೂರು ಹಿರೇಕೆರೂರು ತಾಲೂಕಿನ ಮಾಸೂರು. ಬಿ.ಎಸ್ಸಿ.ಗೆ ಸೀಟು ಸಿಕ್ಕಿದ್ದು ಸವಣೂರಿನಲ್ಲಿ. ಅವ್ವ ಒಂದು ದಿನದ ಕೂಲಿ ಬಿಟ್ಟು ನನ್ನ ಜೊತೆ ಕೋಣೆ ಹುಡುಕಲು ಬಂದಿದ್ದಳು. ಮೂರು ಮನೆಗಳಲ್ಲಿ ಕೋಣೆ ಖಾಲಿ ಇತ್ತು. ಮೂರರಲ್ಲೂ "ನೀವು ಯಾವ ಪೈಕಿ?" ಎಂದು ಕೇಳಿದರು. ಅವ್ವ ಹೇಳಿದಳು. ಅಷ್ಟರಲ್ಲಿ ಆ ಕೋಣೆಗಳು ಮೊನ್ನೆಯೇ ಬೇರೆಯವರಿಗೆ ಕೊಟ್ಟಾಗಿದ್ದವು.

ನಾಲ್ಕನೆಯ ಮನೆಯ ಬಾಗಿಲಲ್ಲಿ ಒದ್ದೆ ಗೋಣಿತಟ್ಟು ಹೊದಿಸಿದ ಬುಟ್ಟಿಗಳಿದ್ದವು. ಖಾಲಾ ಅವುಗಳ ನಡುವೆ ಕುಳಿತು ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುತ್ತಿದ್ದರು. ಅವರು ಕೇಳುವ ಮೊದಲೇ ಅವ್ವ ನಮ್ಮ ಪೈಕಿ ಹೇಳಿಬಿಟ್ಟಳು. ಖಾಲಾ ಅದನ್ನು ಕೇಳಿಸಿಕೊಂಡು, ನನ್ನ ಮುಖ ನೋಡಿ, "ಎಲಿ ವಾಸನಿ ತಡೀತೀಯೇನು ಬೇಟಿ? ಹಗಲೂ ರಾತ್ರಿ ಇರ್ತೈತಿ ನೋಡು" ಎಂದರು. ಅವರು ಕೇಳಿದ್ದು ಅದೊಂದೇ ಪ್ರಶ್ನೆ.

ಆ ವಾಸನೆ ಮೂರು ವರ್ಷ ನನ್ನ ಪುಸ್ತಕಗಳಲ್ಲಿತ್ತು. ಹಸಿರು, ತುಸು ಖಾರ, ಮಣ್ಣಿನ ತಂಪು. ಈಗಲೂ ಹಳೆಯ ನೋಟುಬುಕ್ಕು ತೆರೆದರೆ ಅದು ಬಂದಂತೆ ಅನಿಸುತ್ತದೆ. ಭ್ರಮೆ ಇರಬಹುದು.

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡದಲ್ಲಿ. ಪಿಯುಸಿಯ ಪುಸ್ತಕಗಳು ಇಂಗ್ಲಿಷಿನಲ್ಲಿದ್ದರೂ ಮೇಷ್ಟ್ರುಗಳು ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಉತ್ತರಗಳನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ಡಿಗ್ರಿಯಲ್ಲಿ ಸಸ್ಯಶಾಸ್ತ್ರದ ಸರ್ ಮೊದಲ ದಿನ ಒಳಗೆ ಬಂದವರೇ ಇಂಗ್ಲಿಷಿನಲ್ಲಿ ಆರಂಭಿಸಿದರು. ಗಂಟೆ ಹೊಡೆಯುವವರೆಗೂ ನಿಲ್ಲಿಸಲಿಲ್ಲ. ಮರುದಿನವೂ ಹಾಗೆಯೇ.

ಆ ತಿಂಗಳುಗಳು ನನಗೆ ಕನಸಿನಂತೆ ನೆನಪಿವೆ. ಫ್ಯಾನು ತಿರುಗುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲು ಬೆಂಚಿನಿಂದ ಬೆಂಚಿಗೆ ಮೆಲ್ಲಗೆ ಸರಿಯುತ್ತಿತ್ತು. ಸರ್ ಅವರ ಬಾಯಿ ಆಡುತ್ತಿತ್ತು. ನಾನು ಕೆರೆಯ ತಳದಲ್ಲಿ ಕುಳಿತಂತೆ, ದಡದ ಮೇಲೆ ಯಾರೋ ಮಾತಾಡುವುದು ಕೇಳುತ್ತಿದ್ದೆ. ನಡುನಡುವೆ ಒಂದೊಂದು ಪರಿಚಯದ ಪದ ಮೀನಿನ ಹಾಗೆ ಹೊಳೆದು ಹೋಗುತ್ತಿತ್ತು. ಹಿಡಿಯಲು ಹೋದರೆ ಅಷ್ಟರಲ್ಲಿ ಇಪ್ಪತ್ತು ಪದ ದಾಟಿ ಹೋಗಿರುತ್ತಿದ್ದವು. ಕೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುತ್ತಿದ್ದೆ. ಕೋಣೆಗೆ ಬಂದು ಓದಿದರೆ ಯಾವ ಭಾಷೆಯೂ ಅಲ್ಲದ ಏನೋ ಒಂದು ಅಲ್ಲಿರುತ್ತಿತ್ತು. ಪಕ್ಕದಲ್ಲಿ ಕೂತವರೂ ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಎಲ್ಲರಿಗೂ ತಿಳಿಯುತ್ತಿದೆ, ನನಗೊಬ್ಬಳಿಗೇ ಇಲ್ಲ ಎಂದು ನಂಬಿದ್ದೆ.

ಸಂಜೆ ನಾನು ಬಂದ ಕೂಡಲೇ ಖಾಲಾ ಚಹಾ ಕೊಟ್ಟು, ಒಂದು ಬುಟ್ಟಿ ನನ್ನ ಕಡೆ ಸರಿಸಿ, ಎಲೆ ಆರಿಸುತ್ತಲೇ ಕೇಳುತ್ತಿದ್ದರು: "ಇವತ್ತೇನ್ ಹೇಳಿದ್ರು?"

ನಾನು ಸುಳ್ಳು ಹೇಳುತ್ತಿದ್ದೆ. ಪಿಯುಸಿಯಲ್ಲಿ ಕಲಿತಿದ್ದನ್ನೋ, ಬಾಯಿಗೆ ಬಂದದ್ದನ್ನೋ ಪಾಠವೆಂದು ಒಪ್ಪಿಸುತ್ತಿದ್ದೆ. ಅವರು ತಲೆ ವಾಲಿಸಿ ಕೇಳುತ್ತಿದ್ದರು. ಒಂದು ದಿನ, "ಮೊನ್ನಿ ಬೇರಿನ ಪಾಠ ಹೇಳಿದ್ದೆಲ್ಲ, ಅದನ್ನ ಇನ್ನೊಮ್ಮಿ ಹೇಳು" ಎಂದರು. ನಾನು ಹೇಳಿದೆ. ಅವರು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು.

"ಮೊನ್ನಿ ಬ್ಯಾರೆ ಹೇಳಿದ್ದಿ, ಬೇಟಿ."

ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ. ಒಂದು ಅಕ್ಷರ ತಿಳಿಯುವುದಿಲ್ಲ, ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಬಂದಿದೆ, ಮಾಸೂರಿಗೆ ಹೋಗಿ ಅವ್ವನ ಜೊತೆ ಹತ್ತಿ ಹೊಲದ ಕೆಲಸಕ್ಕೆ ನಿಲ್ಲುತ್ತೇನೆ ಎಂದೆ.

ಖಾಲಾ ಸಮಾಧಾನ ಹೇಳಲಿಲ್ಲ. ತಮ್ಮ ಕತೆ ಹೇಳಿದರು. ಅವರನ್ನು ಏಳನೆಯ ವಯಸ್ಸಿಗೆ ಕನ್ನಡ ಶಾಲೆಗೆ ಹಾಕಿದ್ದರಂತೆ, ಮನೆಗೆ ಹತ್ತಿರವೆಂದು. ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲ. ಬಾಯಿ ಬಡಿಯುವ ಗೊಂಬೆಗಳ ನಡುವೆ ಕುಳಿತ ಹಾಗಿತ್ತಂತೆ. ಯಾರು ಏನು ಕೇಳಿದರೂ "ಹಾಜರ್" ಎಂದುಬಿಡುತ್ತಿದ್ದರಂತೆ. ಒಂದು ದಿನ ಅಕ್ಕೋರು "ಯಾಕಳ್ತಿ?" ಎಂದು ಕೇಳಿದರೆ ಅದಕ್ಕೂ "ಹಾಜರ್" ಎಂದರಂತೆ. ಇಡೀ ಶಾಲೆ ನಕ್ಕಿತು.

"ಆಮ್ಯಾಲ ಹೆಂಗ ಕಲ್ತ್ರಿ, ಖಾಲಾ?"

"ನಮ್ಮ ದಾದಿ ಇದ್ಲು, ಅಪ್ಪನ ತಾಯಿ. ಕಣ್ಣು ಕಾಣ್ತಿರಲಿಲ್ಲ. ದಿನಾ ಒಂದs ಒಂದು ಮಾತು ತಗೊಂಡು ಬಾ, ನನಗ ಕೊಡು ಅಂದ್ಲು. ಎಲ್ಲಾ ಹಿಡಿಯಾಕ ಹೋಗಬ್ಯಾಡ. ಒಂದು ಮಾತು ಹಿಡಿ, ಮುಟಗಿ ಕಟ್ಟು, ಮನಿಗೆ ಬಾ. ಮೊದಲನೇ ದಿನ ತಂದದ್ದು 'ಕಿಟಕಿ'. ದಾದಿ ಇಡೀ ಸಂಜಿ ಕಿಟಕಿ ಕಿಟಕಿ ಅಂದ್ಲು." ಖಾಲಾ ನಕ್ಕರು. "ನಾಲ್ಕನೇತ್ತಾಕ ಸಾಲಿ ಬಿಡಿಸಿದ್ರು. ಆದ್ರ ಮಾತು ಬಿಡಲಿಲ್ಲ."

ಹಾಗೆ ನನಗೂ ಅಪ್ಪಣೆಯಾಯಿತು. ದಿನಕ್ಕೊಂದು ಮಾತು. ಸುಳ್ಳು ಹೇಳಬಾರದು. ತಿಳಿಯಲಿಲ್ಲವೆಂದರೆ ತಿಳಿಯಲಿಲ್ಲ ಎನ್ನಬೇಕು.

ನಾನು ತಂದ ಮಾತುಗಳನ್ನು ಖಾಲಾ ತಮ್ಮ ಬಾಯಿಗೆ ಹೊಂದಿಸಿಕೊಳ್ಳುತ್ತಿದ್ದರು. ಕ್ಲೋರೋಫಿಲ್ ಅವರ ಬಾಯಲ್ಲಿ 'ಕಲರ್ ಫುಲ್' ಆಯಿತು. ಎಲೆಯ ಹಸಿರಿಗೆ ಅದಕ್ಕಿಂತ ಒಳ್ಳೆಯ ಹೆಸರು ಯಾಕೆ ಬೇಕು ಎಂದು ವಾದಿಸಿದರು. ಎಲೆಯ ಕೆಳಮೈಯಲ್ಲಿ ಉಸಿರಾಡುವ ಸಣ್ಣ ಬಾಯಿಗಳಿರುತ್ತವೆ ಎಂದು ಹೇಳಿದ ದಿನ ಒಂದು ಎಲೆಯನ್ನು ಮಗುಚಿ ಬಹಳ ಹೊತ್ತು ನೋಡಿದರು. "ಅದಕs ಏನು ನಾವು ಎಲಿ ಬೆನ್ನಿಗೆ ಒದ್ದಿ ಗೋಣಿತಟ್ಟಿನ ತಂಪು ಹಿಡಿಯೋದು?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನೋಟುಬುಕ್ಕು ತುಂಬಿಸಿಕೊಂಡು ಬಂದು ಹೆಮ್ಮೆಪಟ್ಟರೆ ಅವರ ಒಂದು ಮಾತು ತಯಾರಿರುತ್ತಿತ್ತು: "ಬರಕೊಂಡಿದ್ದು ವಹಿದು, ತಿಳಕೊಂಡಿದ್ದು ನಿಂದು."

ಅವರಿಗೆ ಇನ್ನೂ ಕೆಲವು ವಿಚಿತ್ರ ಅಭ್ಯಾಸಗಳಿದ್ದವು. ಫೋನು ಬಂದರೆ ಎದ್ದು ನಿಂತೇ ಮಾತಾಡುತ್ತಿದ್ದರು. ಯಾಕೆಂದರೆ, "ಅಷ್ಟು ದೂರದಿಂದ ಅವ್ರು ಮಾತಾಡಾಕತ್ತಾರ, ನಾ ಕುಂತು ಹೆಂಗ ಕೇಳ್ಲಿ?" ಎಂದು. ಬೆಳಿಗ್ಗೆ ಎದ್ದವರಿಗೆ ಕನಸು ಏನು ಬಿತ್ತೆಂದು ಕೇಳುತ್ತಿರಲಿಲ್ಲ, ಯಾವ ಭಾಷೆಯಲ್ಲಿ ಬಿತ್ತೆಂದು ಕೇಳುತ್ತಿದ್ದರು. ಅವರ ಕನಸಿನಲ್ಲಿ ತೀರಿಹೋದವರು ಉರ್ದುವಿನಲ್ಲೂ ಎಲೆ ವ್ಯಾಪಾರದವರು ಕನ್ನಡದಲ್ಲೂ ಮಾತಾಡುತ್ತಿದ್ದರಂತೆ.

ದಿನಕ್ಕೊಂದು ಮಾತಿನಿಂದ ಪರೀಕ್ಷೆ ಪಾಸಾಗುವುದಿಲ್ಲ. ಎರಡನೆಯ ಕಿರುಪರೀಕ್ಷೆಯಲ್ಲೂ ಹೋಯಿತು. ಆ ಶನಿವಾರ ನಾನು ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿದೆ. ಖಾಲಾ ಬಾಗಿಲಲ್ಲಿ ನಿಂತು ನೋಡಿದರು. ತಡೆಯಲಿಲ್ಲ. "ನಿನ್ನೆ ಮಾತು ಕೊಡಲಿಲ್ಲ ನೀನು" ಎಂದಷ್ಟೇ ಹೇಳಿದರು.

ನಿನ್ನೆಯ ಪದ ಉದ್ದವಿತ್ತು. ಎಮಾಸ್ಕ್ಯುಲೇಶನ್. ಸರ್ ಗಂಟೆಯುದ್ದಕ್ಕೂ ಅದನ್ನೇ ಹೇಳಿದ್ದರು. ನನಗೆ ಅದರ ತಲೆಬುಡ ತಿಳಿದಿರಲಿಲ್ಲ.

"ಅರ್ಥ ಇಲ್ಲದ್ದನ್ನ ಹೆಂಗ ಕೊಡ್ಲಿ, ಖಾಲಾ?"

"ಹಂಗಾರ ಸಾಲ ಇರ್ಲಿ. ಅರ್ಥ ಸಿಕ್ಕ ದಿನ ಕೊಡು."

ಹಾವೇರಿಯಲ್ಲಿ ಬಸ್ಸು ಬದಲಿಸಿ ಮಾಸೂರಿಗೆ ಹೋದೆ. ನಮ್ಮ ಕಡೆ ಬೀಜದ ಹತ್ತಿ ಬೆಳೆಯುತ್ತಾರೆ. ಹೂವಿನ ಕಾಲದಲ್ಲಿ ಹೆಂಗಸರಿಗೆ ಕ್ರಾಸಿಂಗ್ ಕೆಲಸ. ಅವ್ವನಿಗೆ ಅದರಲ್ಲಿ ಒಳ್ಳೆಯ ಕೈ. ನಾನು ಐದನೆಯ ತರಗತಿಯಿಂದಲೂ ರಜೆಯಲ್ಲಿ ಅವಳ ಜೊತೆ ಹೋದವಳೇ. ಮರುದಿನ ಸಂಜೆ ಮದಗದ ಕೆರೆಯ ಕಡೆಯ ಹೊಲದಲ್ಲಿ ಅವಳ ಪಕ್ಕದ ಸಾಲಿನಲ್ಲಿ ನಿಂತೆ. ಕೆರೆಯ ಮೇಲಿನ ಗಾಳಿ ಬರುತ್ತಿತ್ತು. ಹೊತ್ತು ಇಳಿದು ಹತ್ತಿಯ ಎಲೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ್ದವು. ನಾಳೆ ಅರಳಲಿರುವ ಮೊಗ್ಗನ್ನು ಹಿಡಿದು, ಎಸಳು ಬಿಡಿಸಿ, ಹೆಬ್ಬೆರಳ ಉಗುರಿನಿಂದ ಒಳಗಿನ ಗಂಡುಕೇಸರಗಳ ಸುರುಳಿಯನ್ನು ಒಂದೇ ಎಳೆತಕ್ಕೆ ತೆಗೆಯಬೇಕು. ನಡುವಿನ ಹೆಣ್ಣುಕಡ್ಡಿಗೆ ಗಾಯವಾಗಬಾರದು. ಆಮೇಲೆ ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ. ಬೆಳಿಗ್ಗೆ ಬೇರೆ ತಳಿಯ ಗಂಡು ಹೂವನ್ನು ತಂದು ಸವರುವುದು.

ತಮ್ಮ ಪಾಡಿಗೆ ಬೆರಳುಗಳು ನಡೆಯುತ್ತಿದ್ದವು. ಎಷ್ಟನೆಯದೋ ಮೊಗ್ಗಿನ ಹೊತ್ತಿಗೆ, ಸರ್ ಬೋರ್ಡಿನ ಮೇಲೆ ಬರೆದ ಚಿತ್ರ ಸುಮ್ಮನೆ ಕಣ್ಣ ಮುಂದೆ ಬಂತು. ನಡುವೆ ಒಂದು ಕಡ್ಡಿ, ಸುತ್ತ ಕೇಸರ, ಕೇಸರದ ಮೇಲೆ ಅಡ್ಡಗೆರೆ. ನನ್ನ ಉಗುರು ನಿಂತಿತು.

"ಅವ್ವಾ, ಇದಕ್ಕ ಎಮಾಸ್ಕ್ಯುಲೇಶನ್ ಅಂತಾರ."

"ಯಾವುದಕ್ಕ?"

"ಇದಕs. ಗಂಡು ತೆಗೆಯೋದಕ್ಕ."

ಅವ್ವ ತಲೆ ಎತ್ತಲಿಲ್ಲ. "ಏನರೆ ಅನ್ನವಲ್ರ್ಯಾಕ. ಲಗೂ ಲಗೂ ಮಾಡು, ಹೊತ್ತು ಮುಳಗ್ತೈತಿ."

ನಾನು ನಕ್ಕೆ. ಒಂದು ಗಂಟೆಯ ಆ ಪಾಠವೆಲ್ಲ ನೀರಿನ ತಳದಿಂದ ತಾನಾಗಿಯೇ ಮೇಲೆ ಬಂತು. ಸರ್ ಹೇಳಿದ್ದೆಲ್ಲ ನನಗೆ ಗೊತ್ತಿತ್ತು. ಸರ್‌ಗಿಂತ ಚೆನ್ನಾಗಿಯೇ ಗೊತ್ತಿತ್ತೇನೋ. ಗೊತ್ತಿದ್ದದ್ದು ನನ್ನ ಉಗುರಿಗೆ. ಕಿವಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೇ.

ಸೋಮವಾರ ಮೊದಲ ಬಸ್ಸಿಗೆ ಚೀಲ ಹೊತ್ತು ಸವಣೂರಿಗೆ ಮರಳಿದೆ. ಸಾಲವಿದ್ದ ಮಾತನ್ನು ಅರ್ಥದೊಡನೆ ಕೊಟ್ಟೆ. ಖಾಲಾ ಎದುರು ಮನೆಯ ಅಂಗಳದಿಂದ ದಾಸವಾಳದ ಮೊಗ್ಗು ತಂದುಕೊಟ್ಟರು. ಹತ್ತಿಗೂ ದಾಸವಾಳಕ್ಕೂ ಒಳಗಿನ ಕಟ್ಟು ಒಂದೇ. ನಾನು ಬಿಡಿಸಿ ತೋರಿಸಿದೆ. ಅವರು ತಾವೂ ಒಂದನ್ನು ಬಿಡಿಸಿದರು, ಕಡ್ಡಿ ಮುರಿಯಿತು. ಇನ್ನೊಂದು, ಅದೂ ಮುರಿಯಿತು. ಮೂರನೆಯದು ಸರಿಹೋಯಿತು. "ನಿಮ್ಮವ್ವ ಇಂಥಾ ನಾಜೂಕ ಕೆಲಸ ಮಾಡ್ತಾಳ ಅಂತ ಹೇಳs ಇಲ್ಲಲ್ಲ ನೀನು" ಎಂದು ನನ್ನನ್ನೇ ಗದರಿದರು.

ಆದರೆ ಎಲ್ಲ ಪಾಠವೂ ಹತ್ತಿ ಹೊಲದಲ್ಲಿ ಸಿಗುವಂಥದ್ದಲ್ಲ. ತರಗತಿಯಲ್ಲಿ ನಾನು ಇನ್ನೂ ಮುಳುಗಿಯೇ ಇದ್ದೆ. ಒಂದು ಮಧ್ಯಾಹ್ನ ಪ್ರಾಕ್ಟಿಕಲ್ ರೆಕಾರ್ಡನ್ನು ಮನೆಯಲ್ಲೇ ಮರೆತು ಹೋದೆ. ಖಾಲಾ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಲೇಜಿಗೆ ಬಂದರು. ಪಾಠ ನಡೆದಿತ್ತು. ಅವರು ಕರೆಯದೆ, ವರಾಂಡದ ಕಟ್ಟೆಯ ಮೇಲೆ, ಕಿಟಕಿಯ ಕೆಳಗೆ ಕುಳಿತರು. ನನಗೆ ಅವರ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ಇಡೀ ಗಂಟೆ ಅದು ಅಲುಗಲಿಲ್ಲ.

ಹೊರಗೆ ಬಂದಾಗ ನನ್ನನ್ನು ಬೇವಿನ ಮರದ ಹತ್ತಿರ ಕರೆದೊಯ್ದು ಮೆಲ್ಲಗೆ ಹೇಳಿದರು:

"ಬೇಟಿ, ನಿಮ್ಮ ಸರ್ ಅಂಜ್ಯಾರ."

"ಸರ್? ಯಾರಿಗಿ?"

"ನಿಮಗs. ಕಾಗದ ತಿರುವೋ ಸಪ್ಪಳ ಕೇಳ್ಸಲಿಲ್ಲೇನು? ಉಸರು ತಗೊಳ್ಳೂ ಜಾಗಾದಾಗ ಉಸರು ತಗೊಳ್ಳಂಗಿಲ್ಲ. ನಡಕ ನಿಂತ್ರ ಮುಂದಿಂದು ಮರೀತಾರ ಅವ್ರು. ನಾ ಕುರಾನಿನ ಹೊಸಾ ಸೂರಾ ಕಲಿಯೋವಾಗ ಹಂಗs ಓದ್ತಿದ್ದೆ. ಮತ್ತ ಏನೋ ದಪ್ಪಂತ ಬಿತ್ತಲ್ಲ, ಆಗ ಏನಂದ್ರು?"

ನನಗೆ ನೆನಪಾಯಿತು. ಡಸ್ಟರು ಕಾಲ ಮೇಲೆ ಬಿದ್ದಾಗ ಸರ್ "ಅಯ್ಯೋ ಎವ್ವಾ" ಎಂದಿದ್ದರು. ನಾವ್ಯಾರೂ ಅದನ್ನು ಗಮನಿಸಿರಲೇ ಇಲ್ಲ.

"ಪಾಠ ಇಂಗ್ಲೀಷಿನಾಗ, ನೋವು ಕನ್ನಡದಾಗ," ಎಂದರು ಖಾಲಾ. "ಹೋಗು. ಒಬ್ರs ಇದ್ದಾಗ ಹೋಗಿ ಕೇಳು. ಕನ್ನಡದಾಗ ಕೇಳು."

ಎರಡು ದಿನ ಹಿಂಜರಿದೆ. ಮೂರನೆಯ ದಿನ ಸ್ಟಾಫ್ ರೂಮಿನಲ್ಲಿ ಸರ್ ಒಬ್ಬರೇ ಇದ್ದರು. ಮೂವತ್ತು ದಾಟಿರದ ತೆಳ್ಳನೆಯ ಮನುಷ್ಯ. ಮುಂದೆ ಬರೆದ ಹಾಳೆಗಳಿದ್ದವು.

"ಸರ್, ನನಗ ನಿಮ್ಮ ಪಾಠ ತಿಳಿಯವಲ್ದ್ರಿ. ಹತ್ತಿ ಹೂವಿಂದು ಅಷ್ಟs ತಿಳೀತು. ನಮ್ಮವ್ವ ಅದs ಕೆಲಸ ಮಾಡ್ತಾಳ್ರಿ."

ಅವರು ಹಾಳೆಗಳನ್ನು ಮುಚ್ಚಿದರು. ಬೈಯುತ್ತಾರೆಂದುಕೊಂಡೆ. ಎದ್ದು ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದು ಕುಳಿತರು.

"ಯಾವೂರು ನಿಮ್ಮದು?"

"ಮಾಸೂರ್ರಿ."

"ನಂದು ಹಾನಗಲ್ ಹತ್ತರ ಹಳ್ಳಿ. ಕನ್ನಡ ಸಾಲ್ಯಾಗ ಓದಿದಾಂವ ನಾನೂ." ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು. "ದಿನಾ ಮುಂಜಾನೆ ನಾಲ್ಕಕ್ಕ ಎದ್ದು ಇದನ್ನೆಲ್ಲಾ ಬರದು ಬಾಯಿಪಾಠ ಮಾಡ್ತೇನಿ. ನಡಕ ಒಂದು ಕನ್ನಡ ಮಾತು ಬಂದ್ರ, ಈ ಮಾಸ್ತರಗ ಇಂಗ್ಲೀಷ್ ಬರಂಗಿಲ್ಲ ಅಂತ ನೀವೆಲ್ಲಾ ನಗ್ತೀರಿ ಅಂತ ತಿಳ್ಕೊಂಡಿದ್ದೆ."

"ನಾವೂ ಅಂಜೇವ್ರಿ ಸರ್."

ಅಂಗಳದಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಒಂದೇ ಕನಸಿನಲ್ಲಿ ಸಿಕ್ಕಿಬಿದ್ದಿದ್ದ ಇಬ್ಬರು ಒಟ್ಟಿಗೆ ಎಚ್ಚರಾದ ಹಾಗೆ ನಾವು ಕುಳಿತಿದ್ದೆವು.

ಮರುದಿನ ಅವರು ಹಾಳೆಗಳಿಲ್ಲದೆ ಬಂದರು. ಕೈಯಲ್ಲಿ ದಾಸವಾಳದ ಮೊಗ್ಗುಗಳಿದ್ದವು. ನನ್ನನ್ನು ಮುಂದೆ ಕರೆದು, "ನಿಮ್ಮವ್ವ ಹೆಂಗ ಮಾಡ್ತಾರ, ಮಾಡಿ ತೋರಸು. ಮಾಡ್ಕೋತ ಕನ್ನಡದಾಗ ಹೇಳು" ಎಂದರು. ನನ್ನ ಉಗುರು ತಪ್ಪಲಿಲ್ಲ. ನಾನು ಒಂದೊಂದು ಭಾಗ ತೋರಿಸಿದಾಗಲೂ ಸರ್ ಅದರ ಇಂಗ್ಲಿಷ್ ಹೆಸರನ್ನು ಪಕ್ಕದಲ್ಲಿ ಬರೆದರು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಪ್ರಶ್ನೆ ಕೇಳಿದಳು. ಆಮೇಲೆ ಇನ್ನೊಬ್ಬ. ಆ ತರಗತಿಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಪ್ರಶ್ನೆಗಳು ಅವು. ತಲೆಯಾಡಿಸುತ್ತಿದ್ದ ಯಾರಿಗೂ ಅಲ್ಲಿಯವರೆಗೆ ಏನೂ ತಿಳಿದಿರಲಿಲ್ಲ.

ಸಂಜೆ ಖಾಲಾ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡರು. ಸರ್ ಬಾಗಿಲು ಮುಂದೆ ಮಾಡಿದ ಭಾಗವನ್ನು ಮೂರು ಸಲ. "ಪಾಪ, ಊಟಾ ಮಾಡಿ ಬರ್ತಾರೋ ಇಲ್ಲೋ, ನಾಲ್ಕಕ್ಕ ಏಳ್ತಾರಂದ್ರ" ಎಂದು ಮರುದಿನ ಸರ್‌ಗೂ ಒಂದು ಡಬ್ಬಿ ಪುಲಾವು ಕಳಿಸಿದರು.

ಸೆಮಿಸ್ಟರಿನಲ್ಲಿ ನಾನು ಪಾಸಾದೆ. ಹೆಚ್ಚೇನಲ್ಲ, ದಡ ಮುಟ್ಟಿದೆ. ಮುಂದಿನ ಸೆಮಿಸ್ಟರುಗಳಲ್ಲಿ ಅಂಕ ಏರಿತು. ಇಂಗ್ಲಿಷ್ ಎಂಬುದು ಒಮ್ಮೆಗೇ ತೆರೆದುಕೊಳ್ಳಲಿಲ್ಲ. ಮಂಜು ಸರಿದ ಹಾಗೆ, ಮೊದಲು ಒಂದು ಗಿಡ, ಆಮೇಲೆ ಒಂದು ಬೇಲಿ, ಆಮೇಲೆ ದಾರಿ ಕಂಡಿತು. ಮೂರು ವರ್ಷ, ರಜೆಯ ದಿನ ಬಿಟ್ಟು, ಪ್ರತಿ ಸಂಜೆ ನಾನು ಆ ದಿನದ ಪಾಠವನ್ನು ಕನ್ನಡ ಮಾಡಿ ಖಾಲಾಗೆ ಹೇಳಿದೆ. ಅವರಿಗೆ ಅರ್ಥವಾಗದೆ ಹೋದರೆ ನನಗೂ ಅರ್ಥವಾಗಿಲ್ಲವೆಂದು ತಿಳಿದು ಮತ್ತೆ ಪುಸ್ತಕ ತೆರೆಯುತ್ತಿದ್ದೆ. ಇದನ್ನೆಲ್ಲ ಅವರು ನನಗೋಸ್ಕರ ಮಾಡುತ್ತಿದ್ದಾರೆ, ನನ್ನ ಮೇಲಿನ ಮಮತೆಗೆ ಬೇಸರ ತಡೆದುಕೊಂಡು ಕೇಳುತ್ತಾರೆ ಎಂದೇ ನಾನು ತಿಳಿದಿದ್ದೆ.

ಧಾರವಾಡಕ್ಕೆ ಎಂ.ಎಸ್ಸಿ.ಗೆ ಹೋದ ಮೇಲೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಮೊದಲ ಮಾತು "ಏನ್ ಹೇಳಿದ್ರು?" ಎಂಬುದೇ. ಆಮೇಲೆ ಪರೀಕ್ಷೆ, ಪ್ರಾಜೆಕ್ಟು ಎಂದು ವಾರ ಹದಿನೈದು ದಿನವಾಯಿತು, ತಿಂಗಳಾಯಿತು. ಕೊನೆಯ ಸಲ ಫೋನಿನಲ್ಲಿ, "ಒಂದು ಕೇಳೂದೈತಿ ಬೇಟಿ, ನೀ ಬಂದಾಗ ಕೇಳ್ತೇನಿ, ಫೋನಿನಾಗ ಬ್ಯಾಡ" ಎಂದಿದ್ದರು. ಬರುತ್ತೇನೆ ಎಂದೆ. ಹೋಗಲಿಲ್ಲ.

ಅವರು ತೀರಿಕೊಂಡದ್ದು ಒಂದು ಶುಕ್ರವಾರ ಮಧ್ಯಾಹ್ನ, ಎಲೆ ಆರಿಸುತ್ತ ಗೋಡೆಗೆ ಒರಗಿದವರು ಹಾಗೆಯೇ. ಎದುರು ಮನೆಯವರು ನನ್ನ ನಂಬರು ಹುಡುಕಿ ತಿಳಿಸುವ ಹೊತ್ತಿಗೆ ಒಂದು ದಿನ ಕಳೆದಿತ್ತು. ನಾನು ಶಿಗ್ಗಾವಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಅತ್ತಿತ್ತ ಜನ ಮಾತಾಡುತ್ತಿದ್ದರು. ಯಾವುದೂ ಕಿವಿಯೊಳಗೆ ಇಳಿಯಲಿಲ್ಲ.

ಮನೆಯ ನಡುಮನೆಯಲ್ಲಿ ಹೆಂಗಸರು ಕುಳಿತಿದ್ದರು. ಹುಬ್ಬಳ್ಳಿಯಿಂದ, ಬಂಕಾಪುರದಿಂದ ಬಂದ ನೆಂಟರು. ಅವರಲ್ಲಿ ಯಾರಿಗೂ ನನ್ನ ಗುರುತು ಇರಲಿಲ್ಲ. ನಾನು ಹೊಸ್ತಿಲಲ್ಲೇ ನಿಂತೆ. ಯಾರು ಎಂದು ಕೇಳಿದರೆ ಏನು ಹೇಳಬೇಕು? ಬಾಡಿಗೆಯವಳು ಎಂದೇ? ಅಷ್ಟರಲ್ಲಿ ಓಣಿಯ ಒಬ್ಬ ಹೆಂಗಸು ನನ್ನನ್ನು ನೋಡಿ, "ಬಂದ್ಲು ನೋಡ್ರಿ, ಪಾಠದ ಹುಡುಗಿ" ಎಂದಳು.

ಗೋಡೆಯ ಬದಿ ಕುಳಿತಿದ್ದ ಓಣಿಯವರೆಲ್ಲ ತಲೆ ಎತ್ತಿದರು. ಜರುಗಿ ಜಾಗ ಮಾಡಿದರು. ಆ ಹೆಂಗಸು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನೀ ಸಂಜೀಕ ಆಕಿಗೆ ಹೇಳ್ತಿದ್ದೆಲ್ಲ, ಅದನ್ನೆಲ್ಲಾ ಆಕಿ ಮರುದಿನ ಮಧ್ಯಾಹ್ನ ನಮಗ ಹೇಳ್ತಿದ್ಲು. ಎಲಿ ಆರಸಾಕ ಕುಂತಾಗ, ನಮ್ಮ ಮಾತಿನಾಗ. ಎಂಟು ಹತ್ತು ಮಂದಿ ಕೂಡ್ತಿದ್ವಿ. ನಾವು ಕಾಲೇಜಿಗೆ ಹೊಂಟೇವಿ ಅಂತ ಚಾಷ್ಟಿ ಮಾಡ್ಕೋತ ಬರ್ತಿದ್ವಿ."

ಮೂರು ವರ್ಷ ನಾನು ಹೇಳಿದ್ದು ಒಬ್ಬರಿಗೆ ಎಂದುಕೊಂಡಿದ್ದೆ. ಅವರು ಕೇಳುತ್ತಿದ್ದುದು ಒಂದು ಓಣಿಗಾಗಿ. ಇಂಗ್ಲಿಷಿನಿಂದ ಕನ್ನಡಕ್ಕೆ ನಾನು ತಂದಿಟ್ಟದ್ದನ್ನು ಅವರು ಮರುದಿನ ಉರ್ದುವಿಗೆ ದಾಟಿಸಿ, ಒದ್ದೆ ಬುಟ್ಟಿಗಳ ನಡುವೆ ಹಂಚುತ್ತಿದ್ದರು. ಅವರಿಗೆ ಬೇಸರವಾಗಿರಲಿಲ್ಲ. ಅವರಿಗೆ ಅದು ಬೇಕಾಗಿತ್ತು.

"ಒಂದು ಮಾತ್ರ ಆಕಿಗೆ ಬಗಿಹರಿಲಿಲ್ಲ," ಎಂದಳು ಆ ಹೆಂಗಸು. "ನಾವೂ ಕೇಳಿ ಕೇಳಿ ಕಾಡಿದ್ವಿ. ಬೇರಿನ್ಯಾಗಿನ ನೀರು ತೆಂಗಿನ ತುದಿ ತನಕ ಹೆಂಗ ಏರ್ತೈತಿ? ಮೋಟರ್ ಇಲ್ಲ, ಹಗ್ಗ ಇಲ್ಲ, ಜಗ್ಗಾವ್ರು ಯಾರು? ಆಕಿ, ಹುಡುಗಿ ಬರ್ತಾಳ, ಕೇಳಿ ಹೇಳ್ತೇನಿ ಅಂದಿದ್ಲು."

ಫೋನಿನಲ್ಲಿ ಬೇಡವೆಂದು ಇಟ್ಟುಕೊಂಡ ಪ್ರಶ್ನೆ ಅದು.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಸಾವಿನ ಮನೆಯಲ್ಲಿ ಇದನ್ನು ಹೇಳಬಹುದೋ ಬಾರದೋ ತಿಳಿಯಲಿಲ್ಲ. ಆ ಹೆಂಗಸು ನನ್ನ ಕೈ ಬಿಟ್ಟಿರಲಿಲ್ಲ.

"ಕೆಳಗಿಂದ ಯಾರೂ ನೂಕಂಗಿಲ್ರಿ," ಎಂದೆ. "ಮ್ಯಾಲಿನ ಎಲಿ ತನ್ನ ನೀರು ಗಾಳಿಗೆ ಬಿಟ್ಟು ಕೊಡ್ತೈತಿ. ಅದು ಹೋದ ಜಾಗಾಕ್ಕ ಅದರ ಕೆಳಗಿನ ಹನಿ ಏರ್ತೈತಿ. ಆ ಹನೀನ ಹಿಡ್ಕೊಂಡು ಇನ್ನೊಂದು ಹನಿ. ಹಿಂಗ ಬೇರಿನ ತನಕ ಒಂದಕ್ಕೊಂದು ಕೈ ಬಿಟ್ಟಿರಂಗಿಲ್ರಿ. ಮ್ಯಾಲಿಂದು ಹೋಗೂದs ಕೆಳಗಿಂದನ್ನ ಎತ್ತತೈತಿ."

ಮೂಲೆಯಲ್ಲಿದ್ದ ಕಿವಿ ಮಂದವಾದ ಒಬ್ಬ ಮುದುಕಿ ಏನೆಂದು ಕೇಳಿದಳು. ನನ್ನ ಪಕ್ಕದ ಹೆಂಗಸು ಅತ್ತ ತಿರುಗಿ, ಬೆರಳುಗಳನ್ನು ಒಂದರ ಮೇಲೊಂದು ಏರಿಸಿ ತೋರಿಸುತ್ತ, ಅದನ್ನು ಉರ್ದುವಿನಲ್ಲಿ ಹೇಳತೊಡಗಿದಳು. ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಕೇಳುತ್ತ ಕುಳಿತೆ.